ಆ ಹಳ್ಳದ ಬಗ್ಗೆ ಬರೆಯಿರಿ

ನಮಸ್ಕಾರ.

‘ಡೂಮ್: ಅಭಿಮಾನಿಗಳು ಕಟ್ಟಿದ ಲೋಕ’ ಅಂತ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ಒಂದು ಹಳೆಯ ಶೂಟಿಂಗ್ ಗೇಮ್‌ಗೆ ಆಟಗಾರರೇ ಮೂವತ್ತು ವರ್ಷದಿಂದ ಹೊಸ ಹೊಸ ಲೆವೆಲ್ ಕಟ್ಟುತ್ತಲೇ ಇದ್ದಾರೆ ಅನ್ನುವುದು ಎಂಥಾ ಒಳ್ಳೆಯ ವಿಷಯ! ಕನ್ನಡದಲ್ಲಿ ಇದರ ಬಗ್ಗೆ ಚೆನ್ನಾಗಿರುವ ಒಂದು ಬರಹ ಬರಲಿ ಅಂತ ನನಗೆ ತುಂಬ ಆಸೆ. ಅದನ್ನು ನೀವೇ ಬರೆಯಬಲ್ಲಿರಿ ಅಂತಲೂ ಅನಿಸಿದೆ.

ಮೊದಲು ತೊಂದರೆ ಎಲ್ಲಿ ಅಂತ ಹೇಳುತ್ತೇನೆ. ನಿಮ್ಮ ಲೇಖನದಲ್ಲಿ ಇಪ್ಪತ್ತು ಲೆವೆಲ್‌ಗಳಿವೆ. ಒಂದೊಂದಕ್ಕೂ ಒಂದು ಪ್ಯಾರಾ. ಹೆಸರು, ಬಂದ ವರ್ಷ, ಆಮೇಲೆ ‘ಅದ್ಭುತ ವಾತಾವರಣ’, ‘ರೋಮಾಂಚಕ ಹೋರಾಟ’, ‘ಸವಾಲಿನ ವಿನ್ಯಾಸ’. ಮೂರನೆಯದಕ್ಕೆ ಹೇಳಿದ್ದನ್ನು ತೆಗೆದು ಹದಿನೇಳನೆಯದಕ್ಕೆ ಹಾಕಿದರೂ ಏನೂ ವ್ಯತ್ಯಾಸವಾಗದು. ಎಲ್ಲವನ್ನೂ ನೀವು ಆಡಿದ್ದೀರಿ, ಅದರಲ್ಲಿ ಅನುಮಾನವಿಲ್ಲ. ಆದರೆ ಓದುವವರಿಗೆ ಒಂದು ಲೆವೆಲ್ಲಿನೊಳಗೂ ಕಾಲಿಡಲು ಆಗುವುದಿಲ್ಲ.

ಕೊನೆಯ ಪುಟದ ಹತ್ತಿರ ಒಂದು ಸಾಲಿದೆ: ‘ಆ ಹಳ್ಳದಿಂದ ಯಾಕೆ ಮೇಲೆ ಹತ್ತಲಾಗಲಿಲ್ಲ ಅಂತ ಎಡಿಟರ್‌ನಲ್ಲಿ ತೆರೆದು ನೋಡಿದ ಮೇಲೆ ಗೊತ್ತಾಯಿತು.’ ಎಡಿಟರ್ ಅಂದರೆ ಲೆವೆಲ್ ಕಟ್ಟುವ ಪ್ರೋಗ್ರಾಂ. ಇಷ್ಟು ಹೇಳಿ ಮುಂದಿನ ಲೆವೆಲ್‌ಗೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ನಿಮಗೆ ಏನು ಗೊತ್ತಾಯಿತು ಅಂತ ನಾನು ಊಹಿಸಬಲ್ಲೆ. ಡೂಮ್‌ನಲ್ಲಿ 24 ಯೂನಿಟ್ (ಗೇಮ್‌ನೊಳಗಿನ ಅಳತೆ) ಎತ್ತರದ ಮೆಟ್ಟಿಲನ್ನು ಆಟಗಾರ ನಡೆಯುತ್ತಲೇ ಹತ್ತುತ್ತಾನೆ. 25 ಆದರೆ ಅದು ಗೋಡೆ. ಮೂಲ ಗೇಮ್‌ನಲ್ಲಿ ಜಿಗಿಯಲು ಬರುವುದೇ ಇಲ್ಲ. ಅಂದರೆ ಕಟ್ಟಿದವರು ನೆಲವನ್ನು 24ಕ್ಕಿಂತ ಒಂದೇ ಒಂದು ಯೂನಿಟ್ ಜಾಸ್ತಿ ತಗ್ಗಿಸಿದ್ದರೂ ಸಾಕು, ಇಳಿದವರಿಗೆ ವಾಪಸ್ ದಾರಿ ಇಲ್ಲ. ಆಡುವಾಗ ಆ ಒಂದು ಯೂನಿಟ್ ಕಣ್ಣಿಗೆ ಗೊತ್ತೇ ಆಗದು. ಎಲ್ಲೋ ಕೂತ ಒಬ್ಬರು 24ರ ಬದಲು 25 ಅಂತ ಟೈಪ್ ಮಾಡಿದರು, ಎಷ್ಟೋ ವರ್ಷದ ನಂತರ ನೀವು ಆ ಹಳ್ಳದಲ್ಲಿ ಒದ್ದಾಡಿದಿರಿ. ಇದನ್ನು ಬರೆಯದೆ ಬಿಡುವುದುಂಟೇ?

ಸದ್ದಿನ ವಿಷಯವೂ ಹಾಗೇ. ಮಾನ್‌ಸ್ಟರ್‌ಗಳು ‘ಎಲ್ಲಿಂದ ನುಗ್ಗಿ ಬಂದವೋ ಗೊತ್ತಾಗಲಿಲ್ಲ’ ಅಂತ ಬರೆದಿದ್ದೀರಿ. ಆಟಗಾರನಾಗಿ ಸರಿ. ಬರೆಯುವವರು ಮಾತ್ರ ಅದನ್ನು ಪತ್ತೆ ಮಾಡಬೇಕು. ಡೂಮ್‌ನಲ್ಲಿ ಗುಂಡು ಹಾರಿಸಿದರೆ ಸದ್ದು ಒಂದು ಸೆಕ್ಟರ್‌ನಿಂದ (ಮ್ಯಾಪಿನ ಒಂದು ತುಂಡು ಜಾಗ) ಪಕ್ಕದ ಸೆಕ್ಟರ್‌ಗೆ ಹರಡುತ್ತ ಹೋಗುತ್ತದೆ. ಅದು ತಲುಪಿದ ಕಡೆಯಲ್ಲಿರುವ ಮಾನ್‌ಸ್ಟರ್‌ಗಳು ಎಚ್ಚರವಾಗುತ್ತವೆ. ಮುಚ್ಚಿದ ಬಾಗಿಲು ಸದ್ದನ್ನು ತಡೆಯುತ್ತದೆ. ಮ್ಯಾಪಿನ ಕೆಲವು ಗೆರೆಗಳಿಗೆ ಸದ್ದು ತಡೆಯುವ ಗುರುತು ಹಾಕಬಹುದು. ಅಂಥ ಒಂದು ಗೆರೆಯನ್ನು ಸದ್ದು ದಾಟುತ್ತದೆ, ಎರಡನೆಯದರಲ್ಲಿ ನಿಂತುಬಿಡುತ್ತದೆ. ಸದ್ದು ಕೇಳಿದರೂ ನಿಮ್ಮನ್ನು ಕಾಣುವ ತನಕ ಕದಲದಂತೆ ಮಾನ್‌ಸ್ಟರ್‌ಗಳನ್ನು ಕೂರಿಸಲೂ ಬರುತ್ತದೆ. ನಿಮ್ಮ ಮೇಲೆ ಬಿದ್ದ ಆ ದಾಳಿಯನ್ನು ಯಾರೋ ಹೀಗೆ ಗೆರೆ ಗೆರೆ ಲೆಕ್ಕ ಹಾಕಿ ಹೆಣೆದಿದ್ದಾರೆ. ಆ ಲೆಕ್ಕ ತೋರಿಸಿದರೆ ‘ರೋಮಾಂಚಕ’ ಅನ್ನುವ ಮಾತು ಬೇಕಾಗುವುದೇ ಇಲ್ಲ, ಅಲ್ವಾ?

ಇನ್ನು ಇತಿಹಾಸದ ಭಾಗ. ‘1993ರಲ್ಲಿ ಕಂಪನಿ ಸೋರ್ಸ್ ಕೋಡ್ ಬಿಟ್ಟುಕೊಟ್ಟಿದ್ದರಿಂದ ಲೆವೆಲ್ ಮಾಡಲು ಆಯಿತು’ ಅಂದಿದ್ದೀರಿ. ಇದು ತಪ್ಪು. 1993ರ ಡಿಸೆಂಬರ್ 10ಕ್ಕೆ ಐಡಿ ಸಾಫ್ಟ್‌ವೇರ್ ಕಂಪನಿಯಿಂದ ಬಂದದ್ದು ಗೇಮ್. ಸೋರ್ಸ್ ಕೋಡ್, ಅಂದರೆ ಗೇಮ್‌ನ ಮೂಲ ಪ್ರೋಗ್ರಾಂ, ಹೊರಬಂದದ್ದು 1997ರ ಡಿಸೆಂಬರ್‌ನಲ್ಲಿ. ಅಷ್ಟರೊಳಗೆ ಅಭಿಮಾನಿಗಳ ಲೆವೆಲ್‌ಗಳು ರಾಶಿ ರಾಶಿ ಬಂದಿದ್ದವು. ಅದಕ್ಕೆ ದಾರಿ ಮಾಡಿದ್ದು ವ್ಯಾಡ್ ಫೈಲ್. ಡೂಮ್‌ಗೂ ಮುಂಚೆ ಅದೇ ಕಂಪನಿ ಮಾಡಿದ್ದ ವುಲ್ಫೆನ್‌ಸ್ಟೈನ್ 3ಡಿ ಗೇಮನ್ನು ಬದಲಾಯಿಸಲು ಆಟಗಾರರು ಮೂಲ ಫೈಲ್‌ಗಳಿಗೇ ಕೈ ಹಾಕಬೇಕಿತ್ತು. ಡೂಮ್‌ನಲ್ಲಿ ಕಂಪನಿಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಮ್ಯಾಪ್, ಚಿತ್ರ, ಸದ್ದು ಎಲ್ಲವನ್ನೂ ಎಂಜಿನ್‌ನಿಂದ (ಗೇಮ್ ಓಡಿಸುವ ಪ್ರೋಗ್ರಾಂನಿಂದ) ಬೇರ್ಪಡಿಸಿ ವ್ಯಾಡ್‌ನಲ್ಲಿಟ್ಟರು. ನಿಮ್ಮ ಫೈಲನ್ನು ಜೊತೆಗೆ ಸೇರಿಸಿ ಓಡಿಸಿದರಾಯಿತು, ಮೂಲ ಗೇಮ್‌ಗೆ ಏನೂ ಆಗದು. ಕಂಪನಿಯ ಎಡಿಟರ್ ನೆಕ್ಸ್ಟ್ (NeXT) ಅನ್ನುವ ಬ್ರ್ಯಾಂಡಿನ ಕಂಪ್ಯೂಟರ್‌ಗಳಲ್ಲಿ ಓಡುತ್ತಿತ್ತು, ಅದು ಆಟಗಾರರ ಕೈಗೆ ಸಿಗಲಿಲ್ಲ. ಅವರೇ ಫೈಲಿನ ಒಳರಚನೆ ಬಿಡಿಸಿ ನೋಡಿ, 1994ರ ಆರಂಭದಲ್ಲೇ ಡಿಇಯು ಅನ್ನುವ ಎಡಿಟರ್ ಬರೆದರು.

ಇಸವಿ ತಪ್ಪಿದ್ದರಿಂದ ನಿಮ್ಮ ತೀರ್ಪೂ ದಾರಿ ತಪ್ಪಿದೆ. ಹಳೆಯ ಲೆವೆಲ್‌ಗಳನ್ನು ‘ಬೋಳು ಬೋಳು’ ಅಂತ ಸುಮ್ನೆ ತಳ್ಳಿಹಾಕಿದ್ದೀರಿ. ಆಗಿನ ಎಂಜಿನ್‌ಗೆ ಒಂದು ನೋಟದಲ್ಲಿ ನೆಲ ಮತ್ತು ಚಾವಣಿಯ 128 ಭಾಗಗಳಿಗಿಂತ ಜಾಸ್ತಿ ಬಿಡಿಸಲು ಆಗುತ್ತಿರಲಿಲ್ಲ. ಮೀರಿದರೆ ಗೇಮ್ ಅಲ್ಲೇ ಬಂದ್. ನಾಲ್ಕು ಮೆಟ್ಟಿಲು ಜಾಸ್ತಿ ಇಟ್ಟರೂ, ಕಿಟಕಿಯಾಚೆ ದೂರದ ಅಂಗಳ ಕಂಡರೂ ಲೆಕ್ಕ ಏರುತ್ತಿತ್ತು. ಸೋರ್ಸ್ ಕೋಡ್ ಸಿಕ್ಕ ಮೇಲೆ ಅಭಿಮಾನಿಗಳು ಆ ಮಿತಿಯನ್ನೇ ತೆಗೆದರು. ನೀವು ಹೊಗಳಿದ ದೊಡ್ಡ ದೊಡ್ಡ ಕೋಟೆಗಳೆಲ್ಲ ಆಮೇಲಿನವು. 1996ರ ಪ್ಲುಟೋನಿಯಾ ಅನ್ನುವ ಲೆವೆಲ್‌ಗಳ ಗುಂಪು ಆ ಮಿತಿಯೊಳಗೇ ಆದ ಕೆಲಸ. ಅಭಿಮಾನಿಗಳಾಗಿ ಲೆವೆಲ್ ಮಾಡುತ್ತಿದ್ದ ಕಸಾಲಿ ಸೋದರರು ಕಟ್ಟಿದ್ದನ್ನು ಕಂಪನಿಯೇ ‘ಫೈನಲ್ ಡೂಮ್’ನಲ್ಲಿ ಸೇರಿಸಿ ಮಾರಾಟಕ್ಕೆ ಬಿಟ್ಟಿತು. ಅದಕ್ಕೆ ನೀವು ಕೊಟ್ಟಿದ್ದು ಎರಡೇ ಸಾಲು. ಇದು ನನಗೆ ಬೇಸರ ತಂದಿತು.

2023ರ ಮೈಹೌಸ್ ಬಗ್ಗೆ ಇರುವ ಪ್ಯಾರಾ ತೆಗೆದುಬಿಡಿ. ಮಾಮೂಲಿ ಮನೆಯೊಂದರ ಹಾಗೆ ಶುರುವಾಗುವ ಲೆವೆಲ್ ಅದು. ಮುಂದೇನು ಅಂತ ಮೊದಲ ಸಾಲಲ್ಲೇ ಹೇಳಿದರೆ ಆಡುವವರಿಗೆ ಅನ್ಯಾಯ.

ಹೊಸದಾಗಿ ಬರೆಯುವಾಗ ಒಂದೇ ಲೆವೆಲ್ ಇಟ್ಟುಕೊಳ್ಳಿ, ಹಳ್ಳ ಇರುವುದೇ ಇರಲಿ. ನೀವು ಹೇಗೆ ಒಳಗೆ ಬಂದಿರಿ, ಏನು ಕಂಡು ಕೆಳಗಿಳಿದಿರಿ, ಮೇಲೆ ಬರಲು ಏನೇನು ಮಾಡಿದಿರಿ, ಎಡಿಟರ್ ಏನು ತೋರಿಸಿತು, ಎಲ್ಲ ಬರಲಿ. ಮೇಲಿನಿಂದ ಕಾಣುವ ಮ್ಯಾಪಿನ ಒಂದು ಚಿತ್ರವನ್ನೂ ಕಳಿಸಿ. ಉಳಿದ ಹತ್ತೊಂಬತ್ತು ಬೇರೆ ಲೇಖನಗಳಿಗೆ ಆಗುತ್ತವೆ.

ಇನ್ನೊಂದು ವಿಷಯ, ಇದರಲ್ಲಿ ರಾಜಿ ಇಲ್ಲ. ಇಪ್ಪತ್ತು ಲೆವೆಲ್‌ಗಳಲ್ಲಿ ನಾಲ್ಕಕ್ಕೆ ಮಾತ್ರ ಮಾಡಿದವರ ಹೆಸರು ಕೊಟ್ಟಿದ್ದೀರಿ. ಲೆವೆಲ್ ಜೊತೆ ಸಾಮಾನ್ಯವಾಗಿ ಒಂದು ಟೆಕ್ಸ್ಟ್ ಫೈಲ್ ಇರುತ್ತದೆ. ಮಾಡಿದವರು ಯಾರು, ಯಾವ ಎಡಿಟರ್ ಬಳಸಿದರು, ಎಷ್ಟು ಸಮಯ ಹಿಡಿಯಿತು, ಬೇರೆಯವರು ಅದನ್ನು ಬಳಸಬಹುದೇ ಅಂತೆಲ್ಲ ಅದರಲ್ಲಿ ಬರೆದಿರುತ್ತಾರೆ. ಇವರಲ್ಲಿ ಹೆಚ್ಚಿನವರು ಒಂದು ಪೈಸೆ ಪಡೆಯದೆ ಮಾಡಿದ್ದಾರೆ. ಆ ಫೈಲ್ ಓದಿ, ಅಲ್ಲಿ ಹೇಗಿದೆಯೋ ಹಾಗೇ ಹೆಸರು ಹಾಕಿ. ಅದು ಲೇಖನದ ಮೊದಲ ಪ್ಯಾರಾದಲ್ಲೇ ಬರಲಿ.