ಹೋಮಿಯೋಪತಿ ಇಂಜೆಕ್ಷನ್‌ನಿಂದ ಸುಕ್ಕು ಹೋಗುತ್ತದಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧದಷ್ಟು ಒಂದೇ ವಿಷಯದ್ದು. ಮುಖದ ಸುಕ್ಕಿಗೆ ಹೋಮಿಯೋಪತಿ ಔಷಧವನ್ನು ಸೂಜಿಯಲ್ಲಿ ಚುಚ್ಚಿಸಿಕೊಳ್ಳುವ ಚಿಕಿತ್ಸೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಇವತ್ತು ಇದನ್ನೇ ಮಾತಾಡೋಣ.

ಪ್ರಶ್ನೆ: ಡಾಕ್ಟ್ರೇ, ನನಗೆ 51 ವರ್ಷ. ಮುಟ್ಟು ನಿಂತು ಎರಡು ವರ್ಷವಾಯಿತು. ಅಲ್ಲಿಂದೀಚೆಗೆ ಮುಖ ಇದ್ದಕ್ಕಿದ್ದಂತೆ ಇಳಿದುಹೋದ ಹಾಗಿದೆ. ವಾರಕ್ಕೊಂದರಂತೆ ಎಂಟು ಸಲ ಹೋಮಿಯೋಪತಿ ಇಂಜೆಕ್ಷನ್ ತಗೊಂಡರೆ ಚರ್ಮ ತಾನಾಗಿಯೇ ಬಿಗಿಯಾಗುತ್ತದಂತೆ, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲವಂತೆ. ನನ್ನ ಗೆಳತಿ ಎರಡು ಸಲ ಹಾಕಿಸಿಕೊಂಡಳು. ಅವಳ ಮುಖ ನಿಜವಾಗಿಯೂ ತುಂಬಿಕೊಂಡಿದೆ. ನಾನೂ ಹಾಕಿಸಿಕೊಳ್ಳಲಾ?

ಉತ್ತರ: ಬೇಡಮ್ಮಾ. ಯಾಕೆ ಬೇಡ ಅಂತ ಪೂರ್ತಿ ಹೇಳುತ್ತೇನೆ.

ಮೊದಲು ಒಂದು ಮಾತು. ಮುಖ ಇಳಿದ ಹಾಗಿದೆ ಅನ್ನುವುದು ನಿಮ್ಮ ಭ್ರಮೆ ಅಲ್ಲ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಇಪ್ಪತ್ತು ದಾಟಿದ ಮೇಲೆ ವರ್ಷಕ್ಕೆ ಸುಮಾರು ಶೇಕಡ 1ರಷ್ಟು ಕಮ್ಮಿಯಾಗುತ್ತಾ ಬರುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಮಾತ್ರ ಸುಮಾರು ಶೇಕಡ 30ರಷ್ಟು ಹೋಗಿಬಿಡುತ್ತದೆ. ನೀವೀಗ ಆ ಐದು ವರ್ಷದ ನಡುವೆ ಇದ್ದೀರಿ. ಮನೆಯವರು "ಏನೂ ಆಗಿಲ್ಲ, ಸುಮ್ನೆ ತಲೆ ಕೆಡಿಸಿಕೊಳ್ತೀಯ" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕನ್ನಡಿ ಸರಿಯಾಗಿಯೇ ಹೇಳುತ್ತಿದೆ.

ಇನ್ನು ನಿಮ್ಮ ಗೆಳತಿಯ ಮುಖ. ಅದು ತುಂಬಿಕೊಂಡಿದ್ದೂ ನಿಜವೇ. ಸೂಜಿ ಚುಚ್ಚಿದ ಕಡೆಯೆಲ್ಲ ಚರ್ಮ ಸ್ವಲ್ಪ ಊದುತ್ತದೆ. ಒಂದೊಂದು ಚುಚ್ಚಿಗೂ ಔಷಧದ ಹೆಸರಿನ ಒಂದೊಂದು ಹನಿ ಉಪ್ಪು ನೀರು ಒಳಗೆ ಉಳಿಯುತ್ತದೆ. ಒಂದು ಸಲಕ್ಕೆ ಮೂವತ್ತು ನಲವತ್ತು ಚುಚ್ಚು ಬಿದ್ದರೆ ಸಣ್ಣ ಗೆರೆಗಳೆಲ್ಲ ಉಬ್ಬಿನಲ್ಲಿ ಮುಚ್ಚಿಹೋಗುತ್ತವೆ. ರಕ್ತ ಜಾಸ್ತಿ ಹರಿದು ಕೆನ್ನೆಗೆ ಬಣ್ಣ ಬರುತ್ತದೆ. ಇದು ಕೆಲವು ದಿನದ ಮಾತು. ಅಷ್ಟರಲ್ಲಿ ಮುಂದಿನ ವಾರದ ಸೂಜಿ ಬಂದಿರುತ್ತದೆ, ಹಾಗಾಗಿ ಊತ ಇಳಿದ ಮುಖವನ್ನು ನಿಮ್ಮ ಗೆಳತಿ ನೋಡಿಯೇ ಇಲ್ಲ. ಎಂಟೂ ಮುಗಿದು ಒಂದು ತಿಂಗಳಾದ ಮೇಲೆ ಅದೇ ಕಿಟಕಿ ಪಕ್ಕ, ಅದೇ ಹೊತ್ತಿಗೆ, ಮೇಕಪ್ ಇಲ್ಲದೆ ಒಂದು ಫೋಟೋ ತೆಗೆದು ನೋಡಲು ಅವರಿಗೆ ಹೇಳಿ.

ಸೂಜಿಯ ಗಾಯ ಮಾಯುವಾಗ ಅಷ್ಟಿಷ್ಟು ಹೊಸ ಕೊಲಾಜೆನ್ ಹುಟ್ಟುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಗಾಯಕ್ಕೆ ಮೈ ಕೊಟ್ಟ ಉತ್ತರ. ಸಿರಿಂಜಿನಲ್ಲಿ ಏನಿತ್ತು ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ಹೋಮಿಯೋಪತಿ ಗುಳಿಗೆಯನ್ನೇ ನಂಬಿಕೊಂಡು ಬಂದವರು ನಾವು. ಅಲೋಪತಿ ಡಾಕ್ಟರುಗಳು ಸುಮ್ಮನೆ ಇದನ್ನು ತೆಗಳುತ್ತೀರಿ ಅನ್ನಿಸುತ್ತದೆ. ನನ್ನ ಹೆಂಡತಿಗೆ ಹಾಕಲಿರುವ ಆಂಪ್ಯೂಲಿನ ಚೀಟಿಯ ಫೋಟೋ ಕಳಿಸಿದ್ದೇನೆ. ಇದರಲ್ಲಿ ತಪ್ಪೇನಿದೆ ಹೇಳಿ.

ಉತ್ತರ: ಫೋಟೋ ಕಳಿಸಿದ್ದು ಬಹಳ ಒಳ್ಳೆಯದಾಯಿತು ಸರ್. ಬಹಳ ಜನ ಚೀಟಿಯನ್ನೇ ನೋಡುವುದಿಲ್ಲ. ನಾನು ಅದನ್ನು ದೊಡ್ಡದು ಮಾಡಿಕೊಂಡು ಓದಿದೆ.

ಎರಡು ಮಿಲಿಲೀಟರಿನ ಗಾಜಿನ ಆಂಪ್ಯೂಲ್. ಕತ್ತಿನ ಹತ್ತಿರ ಮುರಿಯಲು ಒಂದು ಬಿಳಿ ಗೆರೆ. ಪಟ್ಟಿಯಲ್ಲಿ ಹದಿಮೂರು ಹೆಸರು, ಒಂದೊಂದರ ಮುಂದೆ ಡಿ4, ಡಿ6, ಡಿ8, ಸಿ30 ಹೀಗೆ. ಕೊನೆಯಲ್ಲಿ ಸೋಡಿಯಂ ಕ್ಲೋರೈಡ್, ಇಂಜೆಕ್ಷನ್ ನೀರು. ಅಂದರೆ ಉಪ್ಪು ನೀರು.

ಡಿ ಅಂದರೆ ಹತ್ತರಲ್ಲಿ ಒಂದು ಪಾಲು, ಮತ್ತೆ ಅದರ ಹತ್ತರಲ್ಲಿ ಒಂದು. ಡಿ6 ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಸಿ ಅಂದರೆ ನೂರರಲ್ಲಿ ಒಂದು ಪಾಲು. ಇದನ್ನು ಹನ್ನೆರಡು ಸಲ ಮಾಡಿದ ಮೇಲೆ ಮೂಲ ವಸ್ತುವಿನ ಒಂದೇ ಒಂದು ಅಣು ಉಳಿದಿದ್ದರೂ ಹೆಚ್ಚು. ಸಿ30 ಅಂದರೆ ಒಂದರ ಮುಂದೆ ಅರವತ್ತು ಸೊನ್ನೆ ಬರೆದು, ಅದರಲ್ಲಿ ಒಂದು ಪಾಲು. ಅದರಲ್ಲಿ ನೀರು ಬಿಟ್ಟು ಏನೂ ಇಲ್ಲ. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿತು. ಹೋಮಿಯೋಪತಿ ಕೆಲಸ ಮಾಡುತ್ತದೆ ಅನ್ನಲು ನಂಬುವಂಥ ಪುರಾವೆ ಯಾವ ಕಾಯಿಲೆಯಲ್ಲೂ ಇಲ್ಲ ಅಂತ ಹೇಳಿತು. ಇದು ನಿಮಗೆ ನೋವಾಗುವ ಮಾತು, ಗೊತ್ತು. ಆದರೂ ನಿಮ್ಮ ತಂದೆಯವರ ಗುಳಿಗೆಯ ಬಗ್ಗೆ ಜಗಳಕ್ಕೆ ನಾನಿಲ್ಲಿ ಬಂದಿಲ್ಲ. ನನ್ನ ಚಿಂತೆ ಸೂಜಿಯದು.

ಹೋಮಿಯೋಪತಿ ಹುಟ್ಟುಹಾಕಿದ ಸ್ಯಾಮುಯೆಲ್ ಹಾನೆಮನ್ ತೀರಿಕೊಂಡಿದ್ದು 1843ರಲ್ಲಿ. ಚರ್ಮದ ಅಡಿಗೆ ಚುಚ್ಚುವ ಟೊಳ್ಳು ಸೂಜಿಯ ಸಿರಿಂಜ್ ಬಳಕೆಗೆ ಬಂದಿದ್ದು ಅದಾದ ಹತ್ತು ವರ್ಷಕ್ಕೆ, 1853ರಲ್ಲಿ. ಚರ್ಮಕ್ಕೆ ಸಣ್ಣ ಸಣ್ಣದಾಗಿ ಹತ್ತಾರು ಕಡೆ ಚುಚ್ಚುವ ಮೆಸೋಥೆರಪಿಯನ್ನು ಫ್ರಾನ್ಸಿನ ಮಿಶೆಲ್ ಪಿಸ್ಟೋರ್ ಶುರು ಮಾಡಿದ್ದು 1952ರಲ್ಲಿ. ಹೋಮಿಯೋಪತಿಯನ್ನೂ ಮೆಸೋಥೆರಪಿಯನ್ನೂ ಜೋಡಿಸಿದ್ದು ಆಮೇಲಿನವರು. ಅಂದರೆ ನಿಮ್ಮ ತಂದೆಯವರು ನಂಬಿದ ಪದ್ಧತಿಗೂ ಈ ಆಂಪ್ಯೂಲಿಗೂ ಹೆಸರಿನ ನೆಂಟಸ್ತಿಕೆ ಮಾತ್ರ.

ನಾಲಿಗೆ ಮೇಲೆ ಇಟ್ಟ ಗುಳಿಗೆಯಲ್ಲಿ ಏನಾದರೂ ಕೊಳೆ ಇದ್ದರೆ ಹೊಟ್ಟೆಯ ಆಮ್ಲ ಇದೆ, ಕರುಳಿದೆ, ಲಿವರ್ ಇದೆ. ಸೂಜಿ ಈ ಕಾವಲನ್ನೆಲ್ಲ ದಾಟಿ ನೇರ ಒಳಗೆ ಹೋಗುತ್ತದೆ. 2020ರ ಜೂನಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೋಮಿಯೋಪತಿ ಹೆಸರಿನ ಇಂಜೆಕ್ಷನ್ ಮಾರುತ್ತಿದ್ದ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿದಾಗ ಇದೇ ಕಾರಣ ಕೊಟ್ಟಿತ್ತು. ಅವುಗಳ ಚೀಟಿಯಲ್ಲಿ ಕಾಸರ್ಕ, ಬೆಲಡೋನಾದಂಥ ವಿಷದ ಗಿಡಗಳ, ಪಾದರಸ, ಸೀಸದಂಥ ಲೋಹಗಳ ಹೆಸರುಗಳಿದ್ದವು. ಡಿ ಅಂಕಿ ಚಿಕ್ಕದಿದ್ದಷ್ಟೂ ಒಳಗೆ ನಿಜವಾದ ವಸ್ತು ಜಾಸ್ತಿ ಇರುತ್ತದೆ ಅನ್ನುವುದನ್ನು ಮರೆಯಬೇಡಿ.

ಇನ್ನೊಂದು. ನಿಮ್ಮ ಫೋಟೋದಲ್ಲಿ ಮೂರು ಹೆಸರಿನ ಕೊನೆಗೆ "ಸೂಯಿಸ್" ಅಂತ ಇದೆ. ಲ್ಯಾಟಿನ್‌ನಲ್ಲಿ ಅದರ ಅರ್ಥ ಹಂದಿಯದ್ದು ಅಂತ. "ಕ್ಯೂಟಿಸ್ ಸೂಯಿಸ್" ಅಂದರೆ ಹಂದಿಯ ಚರ್ಮ. ಎಷ್ಟೇ ತೆಳು ಮಾಡಿದ್ದರೂ, ಮೈಯೊಳಗೆ ಏನು ಹೋಗುತ್ತಿದೆ ಅಂತ ತಿಳಿಯುವ ಹಕ್ಕು ನಿಮ್ಮ ಹೆಂಡತಿಗಿದೆ. ಚುಚ್ಚುವವರು ಇದನ್ನು ಅವರಿಗೆ ಹೇಳಿದ್ದಾರಾ, ಕೇಳಿ ನೋಡಿ.

ಪ್ರಶ್ನೆ: ಇಂಜೆಕ್ಷನ್ ಮುಗಿದು ಐದು ವಾರವಾದ ಮೇಲೆ ಬಲಗೆನ್ನೆಯಲ್ಲಿ ನಾಲ್ಕು ಗಂಟು ಎದ್ದಿವೆ. ಕೆಂಪಗಿವೆ, ನೋವು ಅಷ್ಟಿಲ್ಲ. ಐದು ದಿನದ ಆಂಟಿಬಯಾಟಿಕ್ ಮುಗಿಸಿದೆ, ಕಮ್ಮಿಯಾಗಿಲ್ಲ. "ವಿಷ ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ" ಅಂದರು. ಕಾಯಬಹುದಾ?

ಉತ್ತರ: ಕಾಯಬೇಡಿ. ಈ ಪತ್ರಿಕೆ ನಿಮ್ಮ ಕೈಗೆ ಬರುವ ಮೊದಲೇ ನಿಮಗೆ ಪತ್ರ ಬರೆದಿದ್ದೇನೆ. ಬೇರೆಯವರಿಗೂ ತಿಳಿಯಲಿ ಅಂತ ಇಲ್ಲೂ ಬರೆಯುತ್ತಿದ್ದೇನೆ.

ನಾನು ಚರ್ಮದ ಡಾಕ್ಟರಾಗಿ ಇಪ್ಪತ್ತನಾಲ್ಕು ವರ್ಷ. ಕೆಲವು ವರ್ಷದ ಹಿಂದೆ ಒಬ್ಬರು ನನ್ನ ಮುಂದೆ ಕೂತು ದುಪಟ್ಟಾ ಸರಿಸಿದರು. ಎಡಗೆನ್ನೆಯಲ್ಲಿ ಹನ್ನೊಂದು ಗಂಟು. ಒಂದೊಂದಕ್ಕೂ ನಡುವೆ ಬೆರಳಗಲ ಜಾಗ, ಸಾಲಾಗಿ, ನಾಟಿ ಮಾಡಿದ ಹಾಗೆ. ಸೂಜಿ ಎಲ್ಲೆಲ್ಲಿ ಹೋಗಿತ್ತೋ ಅಲ್ಲಲ್ಲೇ ಎದ್ದಿದ್ದವು. ಎರಡು ಒಡೆದು ತೆಳ್ಳಗೆ ಕೀವು ಬರುತ್ತಿತ್ತು. ಒಂದರಿಂದ ಚೂರು ತೆಗೆದು ಬಯಾಪ್ಸಿಗೂ, ಕ್ರಿಮಿ ಬೆಳೆಸಿ ನೋಡುವ ಕಲ್ಚರ್‌ಗೂ ಕಳಿಸಿದೆ. ಬಂದ ಕ್ರಿಮಿ ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್. ಕ್ಷಯದ ಕ್ರಿಮಿಯ ನೆಂಟ ಇದು, ನೀರಿನಲ್ಲಿ, ಮಣ್ಣಿನಲ್ಲಿ ಇರುತ್ತದೆ. ಹೊರಗಿದ್ದಾಗ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಸೂಜಿಯ ಜೊತೆ ಒಳಗೆ ಹೋದರೆ ವಾರಗಟ್ಟಲೆ ಸುಮ್ಮನಿದ್ದು ಆಮೇಲೆ ಏಳುತ್ತದೆ. ಅಷ್ಟು ಹೊತ್ತಿಗೆ ಇದಕ್ಕೂ ಆ ಸೂಜಿಗೂ ಸಂಬಂಧವಿದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಮೆಸೋಥೆರಪಿಯ ನಂತರ ಇಂಥ ಸೋಂಕು ಬೇರೆ ಬೇರೆ ದೇಶಗಳಲ್ಲಿ ಗುಂಪು ಗುಂಪಾಗಿ ಕಾಣಿಸಿಕೊಂಡಿದೆ.

ಅವರಿಗೆ ಏಳು ತಿಂಗಳು ಔಷಧ ಬೇಕಾಯಿತು, ಒಂದಕ್ಕಿಂತ ಹೆಚ್ಚು ಆಂಟಿಬಯಾಟಿಕ್. ಗುಣವಾಯಿತು. ಗುಳಿ ಉಳಿಯಿತು. ಈಗಲೂ ಬಂದಾಗ ಎಡಗೆನ್ನೆ ಗೋಡೆ ಕಡೆ ಬರುವ ಹಾಗೆ ಕುರ್ಚಿ ತಿರುಗಿಸಿಕೊಂಡು ಕೂರುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ಅವರು ಸೂಜಿಗೆ ಹೋಗಿದ್ದು ಕಣ್ಣ ಪಕ್ಕದ ಎರಡು ಗೆರೆಗೆ.

ನಿಮ್ಮದೂ ಅದೇ ಅಂತ ನೋಡದೆ ಹೇಳಲಾರೆ. ಹೊರಗಿನ ವಸ್ತುವಿನ ಸುತ್ತ ಮೈ ಕಟ್ಟಿಕೊಂಡ ಗಂಟೂ ಇರಬಹುದು. ಚರ್ಮದ ಡಾಕ್ಟರ ಹತ್ತಿರ ಹೋಗಿ, ಸೂಜಿ ಹಾಕಿಸಿಕೊಂಡ ಮಾತನ್ನು ನಾಚಿಕೆಪಡದೆ ಮೊದಲೇ ಹೇಳಿ. ಈ ಕ್ರಿಮಿಯ ಅನುಮಾನವಿದೆ ಅಂತ ಲ್ಯಾಬಿಗೆ ಬರೆದು ಕಳಿಸಲು ಕೇಳಿ, ಮಾಮೂಲಿ ಕಲ್ಚರ್‌ನಲ್ಲಿ ಅದು ತಪ್ಪಿಹೋಗಬಹುದು. ಗಂಟನ್ನು ಹಿಸುಕಬೇಡಿ, ಶಾಖ ಕೊಡಬೇಡಿ, ಸ್ಟೀರಾಯ್ಡ್ ಕ್ರೀಮ್ ಹಚ್ಚಬೇಡಿ. ವಿಷ ಹೊರಗೆ ಬರುತ್ತಿದೆ ಅನ್ನುವುದು ಶುದ್ಧ ಸುಳ್ಳು.

ಪ್ರಶ್ನೆ: ನಾನು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತೇನೆ. ಎರಡು ದಿನದ ಟ್ರೇನಿಂಗ್ ಕೊಟ್ಟು ಈ ಇಂಜೆಕ್ಷನ್ ನೀನೇ ಹಾಕು ಅನ್ನುತ್ತಿದ್ದಾರೆ. ಹೋಮಿಯೋಪತಿ ತಾನೇ, ಏನೂ ಆಗಲ್ಲ ಅಂತಾರೆ. ನನಗೆ ಭಯ.

ಉತ್ತರ: ನಿನ್ನ ಭಯ ಸರಿಯಾಗಿದೆ ತಂಗಿ, ಅದನ್ನು ಬಿಡಬೇಡ. ಚುಚ್ಚುವುದನ್ನು ಕಲಿಯಲು ಎರಡು ದಿನ ಸಾಕಾಗಬಹುದು. ಆದರೆ ಚುಚ್ಚಿದ ಮೇಲೆ ಎದುರಿಗಿರುವವರಿಗೆ ಉಸಿರು ಕಟ್ಟಿ ಮೈಯೆಲ್ಲ ದದ್ದು ಎದ್ದರೆ ಏನು ಮಾಡಬೇಕು? ಆಗ ಜೀವ ಉಳಿಸುವ ಅಡ್ರಿನಲಿನ್ ಇಂಜೆಕ್ಷನ್ ಎಲ್ಲಿದೆ, ಎಷ್ಟು, ಎಲ್ಲಿಗೆ? ಒಂದು ಆಂಪ್ಯೂಲನ್ನು ಇಬ್ಬರಿಗೆ ಹಂಚು ಅಂದರೆ ಏನು ಮಾಡುತ್ತೀಯ? ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ ತಮ್ಮದೇ ರಕ್ತದ ಅಂಶವನ್ನು ಸೂಜಿಯಿಂದ ಮುಖಕ್ಕೆ ಸೇರಿಸುವ ರಕ್ತದ ಫೇಶಿಯಲ್ ಮಾಡಿಸಿಕೊಂಡವರಿಗೆ ಎಚ್‌ಐವಿ ತಗುಲಿದ್ದು 2018ರಲ್ಲಿ ಬೆಳಕಿಗೆ ಬಂತು. ಅಲ್ಲಿ ಹಾಳು ಮಾಡಿದ್ದು ಔಷಧದ ಹೆಸರಲ್ಲ, ಸ್ವಚ್ಛತೆಯಿಲ್ಲದ ಕೆಲಸ ಜನರ ಬದುಕನ್ನೇ ಕೆಡಿಸಿತು. ನಾಳೆ ನಿನ್ನ ಕೈಯಿಂದ ಯಾರಿಗಾದರೂ ಹಾಗಾದರೆ ಕೇಸು ನಿನ್ನ ಮೇಲೂ ಬರಬಹುದು. "ಇದು ಡಾಕ್ಟರ ಕೆಲಸ, ನಾನು ಮಾಡಲ್ಲ" ಅಂತ ಹೇಳು. ಆಗದಿದ್ದರೆ ಕೆಲಸ ಬದಲಾಯಿಸು. ಕಷ್ಟ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.

ಪ್ರಶ್ನೆ: ಅದೂ ಬೇಡ ಇದೂ ಬೇಡ ಅಂದರೆ ವಯಸ್ಸು 38ರವಳು ಏನು ಮಾಡಬೇಕು?

ಉತ್ತರ: ಬೆಳಗ್ಗೆ ಸನ್‌ಸ್ಕ್ರೀನ್, ದಿನಾ. 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ 69 ವರ್ಷದ ಲಾರಿ ಡ್ರೈವರೊಬ್ಬರ ಫೋಟೋ ಬಂತು. 28 ವರ್ಷ ಗಾಡಿ ಓಡಿಸಿದವರು. ಕಿಟಕಿ ಕಡೆಯ ಅರ್ಧ ಮುಖ ಜೋತುಬಿದ್ದು ಆಳದ ನೆರಿಗೆ, ಇನ್ನರ್ಧ ಎಷ್ಟೋ ವರ್ಷ ಚಿಕ್ಕವರದ್ದು. ವಯಸ್ಸು ಎರಡೂ ಕೆನ್ನೆಗೆ ಒಂದೇ, ಅಲ್ವಾ? ಬಿಸಿಲು ಮಾತ್ರ ಬೇರೆ. ಬಿಸಿಲಿನಲ್ಲಿ ಚರ್ಮಕ್ಕೆ ಮುಪ್ಪು ತರುವ ಯುವಿಎ ಕಿರಣವನ್ನು ಗಾಜು ಪೂರ್ತಿ ತಡೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ನೋಡಿದರು. ದಿನಾ ಸನ್‌ಸ್ಕ್ರೀನ್ ಹಚ್ಚಿದ ಗುಂಪಿನಲ್ಲಿ ಚರ್ಮದ ಮುಪ್ಪು, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇಕಡ 24ರಷ್ಟು ಕಮ್ಮಿ.

ರಾತ್ರಿಗೆ ಟ್ರೆಟಿನಾಯಿನ್ ಕ್ರೀಮ್, ಡಾಕ್ಟರ ಚೀಟಿ ಇದ್ದರೆ ಮಾತ್ರ. ಮೊಡವೆಗೆ ಹಚ್ಚುತ್ತಿದ್ದವರ ಸಣ್ಣ ಸುಕ್ಕೂ ಕಮ್ಮಿಯಾದದ್ದು ಕಂಡು 1980ರ ದಶಕದಲ್ಲಿ ಇದರ ಅಧ್ಯಯನ ಶುರುವಾಯಿತು. ಕಡಲೆಕಾಳಿನಷ್ಟು ಸಾಕು. ಮೊದಲ ವಾರಗಳಲ್ಲಿ ಸಿಪ್ಪೆ ಏಳುತ್ತದೆ, ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಬಸುರಿಯಾಗಿದ್ದರೆ, ಆಗುವ ಯೋಚನೆ ಇದ್ದರೆ ಬೇಡವೇ ಬೇಡ. ಸಿಗರೇಟು ಇದ್ದರೆ ಬಿಡಿ. ಬೊಟಾಕ್ಸ್, ಫಿಲ್ಲರ್ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ. ಅವು ಕೆಲಸ ಮಾಡುತ್ತವೆ, ಅವಕ್ಕೂ ಅಪಾಯವಿದೆ.

ಪ್ರಶ್ನೆ: ಎಂಟರಲ್ಲಿ ಐದು ಇಂಜೆಕ್ಷನ್ ಆಗಿದೆ. ಈಗ ನಿಲ್ಲಿಸಿದರೆ ಮುಖ ಮೊದಲಿಗಿಂತ ಜಾಸ್ತಿ ಇಳಿಯುತ್ತದೆ ಅಂತ ಹೆದರಿಸುತ್ತಿದ್ದಾರೆ.

ಉತ್ತರ: ಇಳಿಯುವುದಿಲ್ಲ. ಊತ ಹೋಗಿ ನಿಮ್ಮದೇ ಮುಖ ವಾಪಸ್ ಬರುತ್ತದೆ, ಅಷ್ಟೇ. ಧೈರ್ಯವಾಗಿ ನಿಲ್ಲಿಸಿ. ಕೊನೆಯ ಸೂಜಿಯ ತಾರೀಖು, ಆಂಪ್ಯೂಲಿನ ಹೆಸರು, ಬ್ಯಾಚ್ ನಂಬರ್ ಬರೆದಿಟ್ಟುಕೊಳ್ಳಿ. ಕೊಡಲ್ಲ ಅಂದರೂ ಬಿಡಬೇಡಿ, ಕೇಳಿ ತಗೊಳ್ಳಿ. ಮುಂದಿನ ಮೂರು ತಿಂಗಳು ಮುಖ ತೊಳೆಯುವಾಗ ಕೆನ್ನೆ ಮೇಲೆ ನಿಧಾನವಾಗಿ ಬೆರಳಾಡಿಸಿ ನೋಡಿ. ಬಟಾಣಿಯಷ್ಟು ಗಟ್ಟಿ ಏನಾದರೂ ಸಿಕ್ಕರೆ ಆ ಚೀಟಿ ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ.