ಸಿಹಿಯಿಲ್ಲದ ಊಟಕ್ಕೂ ರಕ್ತದ ಸಕ್ಕರೆ ಏರುವುದೇಕೆ?

ಪ್ರಶ್ನೆ: ಆರು ತಿಂಗಳಿಂದ ಸಕ್ಕರೆಯನ್ನೂ ಸಿಹಿತಿಂಡಿಗಳನ್ನೂ ಪೂರ್ತಿ ಬಿಟ್ಟಿದ್ದೇನೆ. ಆದರೂ ಅನ್ನವನ್ನೋ ಬ್ರೆಡ್ಡನ್ನೋ ತಿಂದು ಒಂದು ಗಂಟೆಯ ಬಳಿಕ ಗ್ಲೂಕೋಮೀಟರ್‌ನಲ್ಲಿ ನೋಡಿದರೆ ಅಂಕಿ ಏರಿರುತ್ತದೆ. ಪಿಷ್ಟ ಬೇರೆ, ಸಕ್ಕರೆ ಬೇರೆ ಅಲ್ಲವೇ? ನಾನು ಸಕ್ಕರೆ ಬಿಟ್ಟದ್ದು ವ್ಯರ್ಥವಾಯಿತೇ?

ಉತ್ತರ: ಖಂಡಿತ ವ್ಯರ್ಥವಾಗಿಲ್ಲ. ಆದರೆ ನಾಲಗೆಗೆ ಸಿಹಿ ಎನಿಸದ ಆಹಾರದಿಂದ ರಕ್ತಕ್ಕೆ ಸಕ್ಕರೆ ಸೇರುವುದಿಲ್ಲ ಎಂಬ ನಂಬಿಕೆಯನ್ನು ನೀವು ಬಿಡಬೇಕಾಗುತ್ತದೆ. ಪಿಷ್ಟವೆಂದರೆ ಗ್ಲೂಕೋಸ್ ಅಣುಗಳು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಕೊಂಡಿ ಹಾಕಿಕೊಂಡಿರುವ ಸರಪಳಿ. ಒಂದು ಚೂರು ಬ್ರೆಡ್ಡನ್ನು ನುಂಗದೆ ಒಂದೆರಡು ನಿಮಿಷ ಅಗಿಯುತ್ತಲೇ ಇದ್ದು ನೋಡಿ: ಮೊದಲು ಸಪ್ಪೆಯಾಗಿದ್ದದ್ದು ಮೆಲ್ಲಗೆ ಸಿಹಿಯಾಗತೊಡಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆ ಸರಪಳಿಯನ್ನು ಕಡಿದು ಮಾಲ್ಟೋಸ್ ಎಂಬ ಸಕ್ಕರೆಯನ್ನು ಬಿಡಿಸುವುದೇ ಇದಕ್ಕೆ ಕಾರಣ. ಜಠರದ ಆಮ್ಲ ಈ ಕೆಲಸಕ್ಕೆ ತಡೆಯೊಡ್ಡಿದರೂ, ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಅಮೈಲೇಸ್ ಅದನ್ನು ಮುಂದುವರಿಸುತ್ತದೆ. ಕರುಳಿನ ಒಳಪದರದ ಕಿಣ್ವಗಳು ಉಳಿದ ಕೊಂಡಿಗಳನ್ನೂ ಬಿಡಿಸಿದ ಮೇಲೆ ಗ್ಲೂಕೋಸ್ ರಕ್ತವನ್ನು ಸೇರುತ್ತದೆ.

ನಾವು ದಿನವೂ ಬಳಸುವ ಸಕ್ಕರೆಯ ಅಣುವಿನಲ್ಲಿ ಇರುವುದು ಒಂದು ಗ್ಲೂಕೋಸ್ ಮತ್ತು ಒಂದು ಫ್ರಕ್ಟೋಸ್ ಮಾತ್ರ. ಫ್ರಕ್ಟೋಸಿನ ಬಹುಪಾಲು ಯಕೃತ್ತಿನಲ್ಲಿಯೇ ಬಳಕೆಯಾಗಿಬಿಡುವುದರಿಂದ ಅದು ಮೀಟರಿನ ಅಂಕಿಯನ್ನು ಅಷ್ಟಾಗಿ ಏರಿಸುವುದಿಲ್ಲ. 1981ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಮುಂದಿಟ್ಟ ಗ್ಲೈಸೆಮಿಕ್ ಸೂಚ್ಯಂಕದಲ್ಲಿ (ಆಹಾರವೊಂದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂದು ಹೋಲಿಸುವ ಅಳತೆ) ಶುದ್ಧ ಗ್ಲೂಕೋಸಿಗೆ 100 ಎಂದಿಟ್ಟುಕೊಂಡರೆ, ಸಕ್ಕರೆ 65ರ ಆಸುಪಾಸಿನಲ್ಲಿಯೂ ಬಿಳಿ ಬ್ರೆಡ್ 75ರ ಆಸುಪಾಸಿನಲ್ಲಿಯೂ ನಿಲ್ಲುತ್ತವೆ. ಇದನ್ನು ಓದಿ ಯಾರೂ ಸಕ್ಕರೆಯೇ ವಾಸಿ ಎಂದುಕೊಳ್ಳಬಾರದು ಎಂಬುದು ನನ್ನ ಕಳಕಳಿಯ ಮಾತು. ಮುಖ್ಯವಾಗಿ ಸಿಹಿ ಪಾನೀಯಗಳ ಮೂಲಕ ಮಿತಿಮೀರಿ ಬರುವ ಫ್ರಕ್ಟೋಸಿನ ಒಂದು ಭಾಗವನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ, ಮತ್ತು ಈ ಹಾನಿಯನ್ನು ನಿಮ್ಮ ಮೀಟರ್ ತೋರಿಸುವುದೇ ಇಲ್ಲ. ನೀವು ಸಕ್ಕರೆ ಬಿಟ್ಟದ್ದರ ಲಾಭ ಇರುವುದು ಇಲ್ಲಿ. ಹಲ್ಲಿಗೆ ಆಗುವ ಲಾಭವಂತೂ ಬೇರೆಯೇ.

ಪಿಷ್ಟಗಳೂ ಎಲ್ಲವೂ ಒಂದೇ ಅಲ್ಲ. ಇಡಿಯ ಕಾಳಿನಲ್ಲಿ ಪಿಷ್ಟವು ಜೀವಕೋಶದ ಗೋಡೆಯೊಳಗೆ ಇರುವುದರಿಂದ ಕಿಣ್ವಗಳು ಅದನ್ನು ತಲುಪಲು ಹೊತ್ತು ಹಿಡಿಯುತ್ತದೆ. ಅದೇ ಕಾಳನ್ನು ನುಣ್ಣಗೆ ಹಿಟ್ಟು ಮಾಡಿದರೆ ಆ ತಡೆ ಹೋಗುತ್ತದೆ. ಬೇಯಿಸಿ ತಣಿಸಿದ ಆಲೂಗಡ್ಡೆಯಲ್ಲಿ ಪಿಷ್ಟದ ಒಂದಂಶ ಮತ್ತೆ ಬಿಗಿಯಾಗಿ ಜೋಡಣೆಗೊಂಡು, ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ.

ಊಟವಾದ ಒಂದು ಗಂಟೆಗೆ ಅಂಕಿ ಏರುವುದು ಆರೋಗ್ಯವಂತರಲ್ಲಿಯೂ ಉಂಟು. ಇನ್ಸುಲಿನ್ ಕೆಲಸ ಮಾಡಿದಂತೆ ಅದು ಇಳಿಯುತ್ತದೆ. ಆದ್ದರಿಂದ ಎರಡು ಗಂಟೆಯ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ಅನ್ನದ ಪಾಲನ್ನು ಸ್ವಲ್ಪ ತಗ್ಗಿಸಿ, ಜೊತೆಗೆ ಬೇಳೆಕಾಳು, ತರಕಾರಿ ಸೇರಿಸಿ ಉಂಡ ದಿನದ ಅಂಕಿಯನ್ನು ಅದರ ಪಕ್ಕದಲ್ಲಿ ಬರೆಯಿರಿ. ಮುಂದಿನ ಸಲ ವೈದ್ಯರಿಗೆ ಆ ಪುಟವನ್ನು ತೋರಿಸಿ. ಮಾತ್ರೆಯ ಪ್ರಮಾಣವನ್ನು ಮಾತ್ರ ಅವರನ್ನು ಕೇಳದೆ ಬದಲಿಸಬೇಡಿ.