ಮುರಿದ ವೀಳ್ಯದ ಲೆಕ್ಕ: ಕತೆ ಬರೆಯುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಧಾರಾವಾಹಿಯಲ್ಲಿ ಯುವರಾಜ ತುಂಬಿದ ಸಭೆಯಲ್ಲಿ ಸಾಮಂತನ ಮಗಳ ಮೇಲೆ ಕಳ್ಳತನದ ಆರೋಪ ಹೊರಿಸಿ ನಿಶ್ಚಿತಾರ್ಥ ಮುರಿಯುತ್ತಾನೆ. ಓದಿದವರೆಲ್ಲ “ಇಷ್ಟು ಸುಲಭವಾ?” ಅಂತಾರೆ. ಎಲ್ಲಿ ಎಡವಿದೆ?
– ಕಟಪಾಡಿಯ ಓದುಗರು

ಉತ್ತರ: ಅವರು ಕೇಳಿದ್ದು ಸರಿ. ನಿಮ್ಮ ಸಭೆಯಲ್ಲಿ ಹುಡುಗಿಯ ಕಣ್ಣೀರು ಬಿಟ್ಟರೆ ಬೇರೇನೂ ಖರ್ಚಾಗುವುದಿಲ್ಲ. ಅರಸು ಮನೆತನದ ನಿಶ್ಚಿತಾರ್ಥವೆಂದರೆ ಹುಡುಗ ಹುಡುಗಿಯ ವಿಷಯಕ್ಕಿಂತ ಹೆಚ್ಚಾಗಿ ಕೈ ಬದಲಾದ ಆಸ್ತಿಯ ವಿಷಯ. ಅದು ಮುರಿದ ದಿನ ಮೊದಲ ಪ್ರಶ್ನೆ “ಯಾಕೆ” ಅಲ್ಲ, “ಬಂದದ್ದನ್ನು ಯಾವಾಗ ಹಿಂದೆ ಕೊಡುತ್ತೀರಿ” ಎಂಬುದು.

ಫ್ರಾನ್ಸಿನ ಒಂದು ಪ್ರಕರಣ ನೋಡಿ. 1482ರ ಒಪ್ಪಂದದಂತೆ ಆಸ್ಟ್ರಿಯದ ರಾಜಮನೆತನದ ಮ್ಯಾಕ್ಸಿಮಿಲಿಯನ್ನನ ಪುಟ್ಟ ಮಗಳು ಮಾರ್ಗರೆಟ್ ಫ್ರಾನ್ಸಿನ ಯುವರಾಜ ಚಾರ್ಲ್ಸನಿಗೆ ನಿಶ್ಚಯವಾದಳು. ಬಳುವಳಿಯಾಗಿ ಬಂದದ್ದು ಆರ್ತ್ವಾ ಮತ್ತು ಫ್ರಾಂಶ್ ಕೋಂತೆ ಎಂಬ ಎರಡು ಪ್ರಾಂತ್ಯಗಳು. ಹುಡುಗಿ ಬೆಳೆದದ್ದೂ ಫ್ರಾನ್ಸಿನಲ್ಲೇ. 1491ರಲ್ಲಿ, ಅಷ್ಟು ಹೊತ್ತಿಗೆ ಪಟ್ಟಕ್ಕೆ ಬಂದಿದ್ದ ಎಂಟನೇ ಚಾರ್ಲ್ಸ್ ಅವಳನ್ನು ಬಿಟ್ಟು ಫ್ರಾನ್ಸಿನ ಪಕ್ಕದ ಬ್ರಿಟನಿ ಎಂಬ ಸೀಮೆಯ ಒಡತಿ ಆ್ಯನಳನ್ನು ಮದುವೆಯಾದ. ಆ್ಯನ್ ಹಿಂದಿನ ವರ್ಷವಷ್ಟೇ ಪ್ರತಿನಿಧಿಯ ಮೂಲಕ ಮದುವೆಯಾಗಿದ್ದು ಇದೇ ಮ್ಯಾಕ್ಸಿಮಿಲಿಯನ್ನನನ್ನು! ಒಂದೇ ಏಟಿಗೆ ಅವನ ಹೆಂಡತಿಯೂ ಹೋದಳು, ಆಗಬೇಕಿದ್ದ ಅಳಿಯನೂ ಹೋದ. ಇಷ್ಟಾದರೂ ಮಾರ್ಗರೆಟ್‌ಳನ್ನು ಕೂಡಲೇ ಮನೆಗೆ ಕಳಿಸಲಿಲ್ಲ. ಕಳಿಸಿದರೆ ಪ್ರಾಂತ್ಯಗಳನ್ನೂ ಕಳಿಸಬೇಕಲ್ಲ! ಕೊನೆಗೆ 1493ರ ಸೆನ್ಲಿಸ್ ಒಪ್ಪಂದದಲ್ಲಿ ಹುಡುಗಿ ಮತ್ತು ಬಳುವಳಿ ಎರಡೂ ಹಿಂದೆ ಬಂದವು. ನಡುವಿನ ಆ ಎರಡು ವರ್ಷ, ಬೇಡವಾದ ಮದುಮಗಳು ಒತ್ತೆಯಾಗಿ ಕುಳಿತ ಕಾಲ, ಒಂದು ಇಡೀ ಕಾದಂಬರಿಗೆ ಸಾಕು.

ಇನ್ನು ಕಳ್ಳತನದ ಆರೋಪ. ಯುವರಾಜ ಸಿಡುಕ ಎಂದಷ್ಟೇ ತೋರಿಸಿದ್ದೀರಿ. ಅದು ಸಾಲದು. ಆರೋಪ ಬೇಕಾಗುವುದು ಕೋಪಕ್ಕಲ್ಲ, ಖರ್ಚು ಯಾರ ತಲೆಗೆ ಎಂಬುದಕ್ಕೆ. ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ ಕನ್ಯೆಯನ್ನು ಕೊಡುತ್ತೇನೆಂದು ಮಾತು ಕೊಟ್ಟು ಹಿಂದೆಗೆದವನು ದಂಡ ತೆರಬೇಕು, ಮೇಲಿಂದ ವರನ ಕಡೆಯ ಖರ್ಚನ್ನು ಬಡ್ಡಿ ಸಮೇತ ತುಂಬಿಕೊಡಬೇಕು. ಆದರೆ ಅದೇ ಸ್ಮೃತಿ ಮೊದಲಿನವನಿಗಿಂತ ಉತ್ತಮ ವರ ಬಂದರೆ ಕೊಟ್ಟ ಕನ್ಯೆಯನ್ನೂ ಹಿಂದೆ ತರಬಹುದು ಅನ್ನುತ್ತದೆ. (ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಹುಟ್ಟಿದ್ದು ನಮ್ಮ ಕಲ್ಯಾಣದಲ್ಲೇ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ.) ಅರ್ಥಶಾಸ್ತ್ರದಲ್ಲಿ ಲೆಕ್ಕ ಇನ್ನೂ ಖಚಿತ: ಹುಡುಗಿಯ ದೋಷ ಮುಚ್ಚಿಟ್ಟು ಕೊಟ್ಟವನಿಗೆ 96 ಪಣ ದಂಡ, ಜೊತೆಗೆ ಶುಲ್ಕ (ಹುಡುಗಿಗಾಗಿ ವರನ ಕಡೆಯವರು ಕೊಟ್ಟ ಹಣ) ಮತ್ತು ಸ್ತ್ರೀಧನ ವಾಪಸು. ವರ ತನ್ನ ದೋಷ ಮುಚ್ಚಿಟ್ಟರೆ ದಂಡ ಎರಡರಷ್ಟು, ಕೊಟ್ಟ ಶುಲ್ಕವೂ ಮುಳುಗಿತು. ಈಗ ನಿಮ್ಮ ಸಭೆಯನ್ನು ಮತ್ತೊಮ್ಮೆ ಓದಿ. “ಕಳ್ಳಿ” ಎಂಬ ಮಾತು ಯುವರಾಜನ ಬಾಯಿಂದ ಬಂದರೂ ಅದನ್ನು ಬರೆದುಕೊಟ್ಟವನು ಬೊಕ್ಕಸದ ಅಧಿಕಾರಿ ಆಗಿರಬೇಕು. ಮುರಿಯಲು ಕಾರಣ ಹುಡುಗಿಯದ್ದಾದರೆ ಅರಮನೆ ಒಂದು ಕಾಸೂ ಕೊಡಬೇಕಾಗಿಲ್ಲ.

ಪ್ರಶ್ನೆ: ಇದೇ ಕತೆಯನ್ನು ಹಳೆಯ ತುಳುನಾಡಿಗೆ ತಂದರೆ? ರಾಜನ ಒಬ್ಬಳೇ ಮಗಳು, ಅವಳ ಕೈಹಿಡಿದವನಿಗೆ ಪಟ್ಟ ಎಂದು ಹೆಣೆದಿದ್ದೇನೆ.
– ಕಾರ್ಕಳದ ಓದುಗರು

ಉತ್ತರ: ಆಗದು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಅರಸನ ಮಗಳು ಅರಸನ ಮನೆಯವಳೇ ಅಲ್ಲ, ತಾಯಿಯ ಮನೆಯವಳು. ಪಟ್ಟ ಹೋಗುವುದು ಅರಸನ ಅಕ್ಕತಂಗಿಯರ ಮಕ್ಕಳಿಗೆ. ಹಾಗಾಗಿ ಮಂತ್ರಿಗಳು ಕಣ್ಣಿಡಬೇಕಾದದ್ದು ಅರಸನ ತಂಗಿಯ ಸಂಬಂಧದ ಮೇಲೆ. ಅವಳ ಗಂಡನಿಗೆ ಪಟ್ಟ ಸಿಗುವುದಿಲ್ಲ, ಅವನ ಮಕ್ಕಳು ಅವನ ಮನೆಗೆ ವಾರಸುದಾರರೂ ಅಲ್ಲ. ಮತ್ತೆ ಯಾಕೆ ಮದುವೆ? ಬಂದರು, ಕರಿಮೆಣಸು, ಅಕ್ಕಿ, ಹೊಳೆ ದಾಟುವ ಕಡವು, ಯುದ್ಧ ಬಂದರೆ ನಾಲ್ಕು ಜನ.

ಮಾದರಿಗೆ ದೂರ ಹೋಗಬೇಡಿ, ನೇತ್ರಾವತಿ ದಾಟಿದರೆ ಸಾಕು. ಉಳ್ಳಾಲದ ಚೌಟ ಮನೆತನದ ರಾಣಿಯ ಗಂಡ ಮಂಗಳೂರಿನ ಬಂಗ ಮನೆತನದ ಅರಸ. ಸಂಬಂಧ ಕೆಟ್ಟಾಗ ಅವಳು ಅವನು ಕೊಟ್ಟ ಆಭರಣಗಳನ್ನು ಹಿಂದೆ ಕಳಿಸಿದಳೆಂದು 1623ರಲ್ಲಿ ಈ ಕಡೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಬರೆದಿದ್ದಾನೆ. ಆಮೇಲೆ ಬಂಗನ ಬೆನ್ನಿಗೆ ಪೋರ್ಚುಗೀಸರು, ರಾಣಿಯ ಬೆನ್ನಿಗೆ ಕೆಳದಿಯ ವೆಂಕಟಪ್ಪ ನಾಯಕ. ಒಂದು ಮನೆಯ ಜಗಳಕ್ಕೆ ಕಡಲೂ ಘಟ್ಟವೂ ಇಳಿದು ಬಂದವು.

ನಿಮ್ಮ ಕತೆಯ ಜೀವ ಆ ಆಭರಣದ ಪೆಟ್ಟಿಗೆಯಲ್ಲಿದೆ. ಚಾವಡಿಯಲ್ಲಿ ಅದನ್ನು ತೆರೆಸಿ, ಎರಡೂ ಕಡೆಯ ಸಾಕ್ಷಿಗಳನ್ನು ಕೂರಿಸಿ, ಒಂದೊಂದಾಗಿ ಎಣಿಸಿ. ಕೊಟ್ಟ ದಿನದ ಓಲೆಯಲ್ಲಿ ಬಳೆ ನಾಲ್ಕು, ಪೆಟ್ಟಿಗೆಯಲ್ಲಿ ಮೂರು. ಸಾಕು, ಇನ್ನು ಇಪ್ಪತ್ತು ಪುಟ ತಾನಾಗಿ ಹುಟ್ಟುತ್ತದೆ. ತೂಕ ವರಹದಲ್ಲಿ ಹೇಳಿ, ಒಂದು ವರಹ ಸುಮಾರು ಮೂರೂವರೆ ಗ್ರಾಂ. ಪಾತ್ರದ ಬಾಯಲ್ಲಿ ಮಾತ್ರ ಗ್ರಾಂ ಬರಬಾರದು.

ತಿಂಗಳನ್ನೂ ನೋಡಿಕೊಳ್ಳಿ. ನಿಮ್ಮ ದೂತ ಆಟಿಯಲ್ಲಿ (ಜುಲೈ–ಆಗಸ್ಟಿನ ತುಳು ತಿಂಗಳು) ಹಡಗು ಹತ್ತಿ ಗೋವೆಗೆ ಹೊರಟಿದ್ದಾನೆ. ಆ ಮಳೆಯಲ್ಲಿ ಅಳಿವೆ ದಾಟುವವರುಂಟೇ? ನಿಶ್ಚಯವನ್ನು ಆಟಿಯ ಹಿಂದಿನ ತಿಂಗಳು ಕಾರ್ತೆಲಿನಲ್ಲಿ ಮುರಿಸಿ, ಆಟಿಯ ಮುಂದಿನ ತಿಂಗಳು ಸೋಣ ಕಳೆಯುವವರೆಗೆ ಎರಡೂ ಕಡೆಗೆ ಹೊರಗಿನ ನೆರವು ಬಾರದಂತೆ ಮಾಡಿ. ಪಿತೂರಿ ಬೇಯಲು ಅಷ್ಟು ಸಮಯ ಬೇಕು.

ಪ್ರಶ್ನೆ: ವಿಚಾರಣೆಯ ಅಧ್ಯಾಯದಲ್ಲಿ ನಾಯಕಿ ಒಂದು ಪತ್ರ ನಕಲಿ ಎಂದು ತೋರಿಸಿ ಗೆಲ್ಲುತ್ತಾಳೆ. ಸಪ್ಪೆಯಾಗಿದೆ.
– ಬ್ರಹ್ಮಾವರದ ಓದುಗರು

ಉತ್ತರ: ಎರಡು ತಪ್ಪು. ಒಂದು, ಪತ್ರ. ನೀವು “ಶಾಯಿ ಇನ್ನೂ ಹಸಿ” ಎಂದು ಬರೆದಿದ್ದೀರಿ, ಆದರೆ ಕತೆ ನಡೆಯುವುದು ತಾಳೆಗರಿಯ ಕಾಲದಲ್ಲಿ. ಓಲೆಯ ಮೇಲೆ ಕಂಠ ಎಂಬ ಚೂಪು ಕಡ್ಡಿಯಿಂದ ಗೀರಿ, ಆಮೇಲೆ ಮಸಿ ಉಜ್ಜುತ್ತಾರೆ. ಗೀರಿದ್ದನ್ನು ಅಳಿಸಲಾಗದು. ಹಾಗಾಗಿ ಮೋಸಗಾರ ಅಕ್ಷರ ತಿದ್ದುವುದಿಲ್ಲ, ಇಡೀ ಗರಿಯನ್ನೇ ಬದಲಿಸುತ್ತಾನೆ. ಸಿಕ್ಕಿಬೀಳುವುದೂ ಅಲ್ಲೇ: ಹೊಸ ಗರಿಯ ದಾರದ ತೂತು ಕಟ್ಟಿನ ಉಳಿದವುಗಳ ಜೊತೆ ಕೂಡುವುದಿಲ್ಲ.

ಎರಡನೆಯದು ದೊಡ್ಡದು. ನಿಮ್ಮ ನ್ಯಾಯಾಧೀಶನಿಗೆ ಏನೂ ಬೇಕಾಗಿಲ್ಲ, ಸತ್ಯ ಕಂಡ ಕೂಡಲೇ ತೀರ್ಪು ಕೊಡುತ್ತಾನೆ. 1483ರ ಇಂಗ್ಲೆಂಡ್ ನೋಡಿ. ನಾಲ್ಕನೇ ಎಡ್ವರ್ಡ್ ತೀರಿಕೊಂಡ ಮೇಲೆ, ಅವನು ರಾಣಿಯನ್ನು ಕೈಹಿಡಿಯುವ ಮೊದಲೇ ಎಲೀನರ್ ಬಟ್ಲರ್ ಎಂಬವಳಿಗೆ ಮದುವೆಗೆ ಸಮನಾದ ಮಾತು ಕೊಟ್ಟಿದ್ದ ಎಂಬ ಸುದ್ದಿ ಎದ್ದಿತು. ಎಲೀನರ್ ಸತ್ತು 15 ವರ್ಷ ಆಗಿತ್ತು. ಹೌದು ಅನ್ನಲೂ ಇಲ್ಲ ಅನ್ನಲೂ ಇಬ್ಬರಲ್ಲಿ ಒಬ್ಬರೂ ಉಳಿದಿರಲಿಲ್ಲ. ಅಷ್ಟರ ಮೇಲೆ ಎಡ್ವರ್ಡನ ಮಕ್ಕಳು ಅಕ್ರಮ ಸಂತಾನವಾದರು, ತಮ್ಮ ರಿಚರ್ಡ್ ಪಟ್ಟವೇರಿದ. 1484ರಲ್ಲಿ ಪಾರ್ಲಿಮೆಂಟು ಅದಕ್ಕೆ ಮೊಹರು ಒತ್ತಿತು. ಮದುವೆ ಊರ್ಜಿತವೋ ಅಲ್ಲವೋ ಎಂಬುದು ಆಗ ಚರ್ಚಿನ ನ್ಯಾಯಾಲಯದ ಕೆಲಸ, ಪಾರ್ಲಿಮೆಂಟಿನದ್ದಲ್ಲ. ನಿಮ್ಮ ನಾಯಕಿಯೂ ಮೊದಲು ಕೇಳಬೇಕಾದದ್ದು “ಪತ್ರ ನಿಜವೇ” ಎಂದಲ್ಲ, “ಇದನ್ನು ವಿಚಾರಿಸುವ ಹಕ್ಕು ಈ ಸಭೆಗಿದೆಯೇ” ಎಂದು.

ಕೊನೆಯಲ್ಲಿ ದೈವ ಎದ್ದು ನಿಜ ನುಡಿಯುವಂತೆ ಮಾಡಿದ್ದೀರಿ. ದಯವಿಟ್ಟು ಬೇಡ. ಪ್ರಮಾಣಕ್ಕೆ ಕರೆಯಿರಿ. ಸುಳ್ಳು ಸಾಕ್ಷಿ ಹೇಳಿದವನು ಕೊಡಿಯಡಿಯವರೆಗೆ (ಕೊಡಿಮರದ ಬುಡದವರೆಗೆ) ಬಂದು ಕಾಲು ಹಿಂದೆ ಇಡಲಿ. ಊರಿನವರಿಗೆ ಅಷ್ಟೇ ಸಾಕು.

ಪ್ರಶ್ನೆ: ಪಾತ್ರಗಳಿಗೆ ಡ್ಯೂಕ್, ಕೌಂಟ್ ಅನ್ನಬಹುದೇ?
– ಸುರತ್ಕಲ್‌ನ ಓದುಗರು

ಉತ್ತರ: ಕತೆ ಯುರೋಪಿನದ್ದಾದರೆ ಧಾರಾಳವಾಗಿ. ಇಲ್ಲಿಯದ್ದಾದರೆ ಅರಸ, ಬಲ್ಲಾಳ, ಹೆಗ್ಗಡೆ, ಗುತ್ತಿನ ಗುರಿಕಾರ ಇದ್ದಾರೆ. ಬಂಗ, ಚೌಟ, ಅಜಿಲ ಇವು ಮನೆತನದ ಹೆಸರುಗಳು, ಪದವಿಗಳಲ್ಲ. “ಅವನನ್ನು ಚೌಟನನ್ನಾಗಿ ನೇಮಿಸಿದರು” ಎಂದು ಬರೆದರೆ ಚೌಟರ ಊರಾದ ಮೂಡುಬಿದಿರೆಯವರು ನಗುತ್ತಾರೆ.